ಕಡಲರಾಯನ ಹರಳು, ಏಡಕ್ಕನ ಅಡ್ಡನಡೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಮೆತ್ತಗಿದ್ದವು. ಹೊಳೆಗಳು ಮನಸ್ಸು ಬಂದತ್ತ ಹರಿಯುತ್ತಿದ್ದವು. ಏಡಿಗಳು ನಿನ್ನ ಹಾಗೆ, ನನ್ನ ಹಾಗೆ ನೆಟ್ಟಗೆ ನಡೆಯುತ್ತಿದ್ದವು. ನಗಬೇಡ ಸುಗುಣಾ, ಅಜ್ಜಿ ಹೇಳುವಾಗ ಸುಮ್ಮನೆ ಕೇಳಬೇಕು.

ಆಗ ಸೂರ್ಯ ಮೊದಲ ಸಲ ಕಡಲಿಗೆ ಸ್ನಾನಕ್ಕಿಳಿದ. ಮೈ ಉಜ್ಜುವಾಗ ಅವನ ಬೆಂಕಿಯ ಒಂದು ತುಣುಕು ಕಳಚಿ ನೀರಿಗೆ ಬಿತ್ತು. ಚುಂಯ್ ಎಂದಿತು, ತಣಿಯಿತು, ಮಾವಿನಕಾಯಿಯಷ್ಟು ದೊಡ್ಡ ಕೆಂಪು ಹರಳಾಯಿತು. ಕಡಲರಾಯ ಅದನ್ನೆತ್ತಿ ಹಣೆಗೆ ಇಟ್ಟುಕೊಂಡ.

ಆ ಹರಳಿಗೊಂದು ಶಕ್ತಿಯಿತ್ತು. ಅದಕ್ಕೆ ಮುಖ ಕೊಟ್ಟು ನಿಂತವರ ಕಾಲು ಅವರ ಮಾತು ಕೇಳುತ್ತಿರಲಿಲ್ಲ, ನೆಟ್ಟಗೆ ಕಡಲಿಗೇ ನಡೆಯುತ್ತಿತ್ತು. ಹೋದವರು ಮರಳಿ ಬರುತ್ತಿರಲಿಲ್ಲ.

"ಬಾ" ಎಂದ ಕಡಲರಾಯ, ಮೀನುಗಳು ಹೋದವು. "ಬಾ" ಎಂದ, ಶಂಖಗಳು ಹೋದವು. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ಅವನ ಅಬ್ಬರಕ್ಕೆ ಮೇರೆಯೇ ಇರಲಿಲ್ಲ.

ದಡದ ಬಿಲದಲ್ಲಿ ಏಡಕ್ಕ ಇದ್ದಳು. ಅವಳ ಹೊಟ್ಟೆಯಡಿ ಸಾಸಿವೆಯಂಥ ಮೊಟ್ಟೆಗಳಿದ್ದವು. ಹೊಳೆ ಅವಳ ಜೀವದ ಗೆಳತಿ. ಹೊಳೆ ಘಟ್ಟ ಹತ್ತಿ, ಇಳಿದು ಬಂದು, ಮೇಲಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಒಂದು ಬೆಳಿಗ್ಗೆ ಹೊಳೆಯೂ ಹರಳಿನ ಕಡೆ ಮುಖ ಮಾಡಿಬಿಟ್ಟಳು.

"ಏಡಕ್ಕಾ, ಹಿಡ್ಕೊಳ್ಳೇ! ಕಾಲು ತನ್ನಷ್ಟಕ್ಕೇ ಹೋಗ್ತಾ ಉಂಟು!"

ಏಡಕ್ಕ ಎರಡೂ ಕೈ ಚಾಚಿ ಹಿಡಿದಳು. ನೀರು ಹಿಡಿತಕ್ಕೆ ಸಿಕ್ಕೀತೇ? ಸಿಹಿ ಹೊಳೆ ಕಣ್ಣೆದುರೇ ಉಪ್ಪಾದಳು. ಏಡಕ್ಕ ಅತ್ತಳು, ಅತ್ತು ಮುಗಿದ ಮೇಲೆ ಅವಳಿಗೆ ಕೆಂಡದಂಥ ಸಿಟ್ಟು ಬಂತು.

ಅಷ್ಟರಲ್ಲಿ ಮೊಟ್ಟೆಗಳು ಬಲಿತವು. ಏಡಿಮೊಟ್ಟೆ ಒಡೆಯುವುದು ಉಪ್ಪುನೀರಿನಲ್ಲೇ.

"ಹೋಗ್ಬೇಡ ಏಡಕ್ಕಾ, ಹೋದವರು ಯಾರೂ ಬರ್ಲಿಲ್ಲ" ಎಂದಿತು ಗಾಳಿ.

"ಹೋಗದಿದ್ರೆ ಮಕ್ಕಳು ಹುಟ್ಟುದಿಲ್ಲ. ಹೋದ್ರೆ ಅವನ ಆಳಾಗ್ತವೆ. ಎರಡಕ್ಕೂ ನಾನು ಒಪ್ಪುವವಳಲ್ಲ" ಎಂದಳು ಏಡಕ್ಕ.

ಏಡಿಗಳ ಮನೆಯ ಬಾಗಿಲು ಕಿರಿದು. ಒಳಗೆ ಹೋಗುವಾಗ, ಹೊರಗೆ ಬರುವಾಗ ಮೈ ತಿರುಗಿಸಿ ಅಡ್ಡಡ್ಡ ನುಸುಳುವುದು ಅವರ ಪದ್ಧತಿ. ಏಡಕ್ಕ ಬಾಗಿಲಲ್ಲಿ ನಿಂತು ಯೋಚಿಸಿದಳು. ಸ್ವಂತ ಮನೆ ಹೊಕ್ಕ ಹಾಗೇ ಕಡಲನ್ನೂ ಹೊಕ್ಕರಾಯಿತು ಎಂದುಕೊಂಡು, ಹರಳಿಗೆ ಮುಖ ಕೊಡದೆ, ಅಡ್ಡಡ್ಡ ಹೊರಟಳು.

"ಏಯ್! ನೆಟ್ಟಗೆ ನಡಿ! ನನ್ನ ಮುಖ ನೋಡ್ಕೊಂಡು ಬಾ!" ಎಂದು ಕಡಲರಾಯ ಗುಡುಗಿದ.

"ನಡೆಯುದಿಲ್ಲ. ಕಾಲು ನನ್ನದು. ಬರುವವಳೂ ನಾನೇ, ಹೋಗುವವಳೂ ನಾನೇ."

ಏಡಕ್ಕ ನೀರಿನಲ್ಲಿ ಹೊಟ್ಟೆ ಕೊಡವಿದಳು. ಮೊಟ್ಟೆಗಳು ಒಡೆದು ಮರಿಗಳು ಹೊರಬಂದವು.

"ಅಡ್ಡ ನಡೀರಿ ಮಕ್ಕಳೇ, ಅಡ್ಡ ನಡೀರಿ! ಅವನಿಗೆ ಮುಖ ಕೊಡ್ಬೇಡಿ!"

ಮರಿಗಳೆಲ್ಲ ಅಡ್ಡಡ್ಡ ದಡದತ್ತ ಹೊರಟವು. ಕಡಲರಾಯನಿಗೆ ಮೈಯೆಲ್ಲ ಉರಿಯಿತು. ಹರಳನ್ನು ಮರಿಗಳ ಮುಖಕ್ಕೇ ಹಿಡಿಯಬೇಕೆಂದು ಅವನು ಹಣೆ ಬಗ್ಗಿಸಿದ. ಅಷ್ಟು ದೊಡ್ಡವನು ಅಷ್ಟು ಕೆಳಕ್ಕೆ ಬಗ್ಗಿದ್ದು ಅದೇ ಮೊದಲು.

ಏಡಕ್ಕ ಪಕ್ಕದಿಂದ ನುಗ್ಗಿದಳು. ಚಿಪ್ಪು ಒಡೆದು ಒಡೆದು ಪಳಗಿದ ದೊಡ್ಡ ಕೈಯೆತ್ತಿ ಹರಳನ್ನು ಕಚ್ಚಿ ಹಿಡಿದಳು. "ಇದು ನನ್ನ ಹೊಳೆಗೆ" ಎಂದು ಅದುಮಿದಳು. ಕಟ್! ಹರಳು ಪುಡಿಪುಡಿಯಾಯಿತು.

ಉಪ್ಪಾದ ಹೊಳೆ ಮತ್ತೆ ಘಟ್ಟ ಹತ್ತಲಿಲ್ಲ ಮಗಾ, ಅದೊಂದು ನನಗೆ ಇವತ್ತಿಗೂ ಸಂಕಟ. ಆದರೆ ನೀರು ಏರಿದಾಗಲೆಲ್ಲ ಅವಳು ಅಳಿವೆ ದಾಟಿ ಒಳಬಂದು, ಗೆಳತಿಯನ್ನು ಮಾತಾಡಿಸಿಕೊಂಡು ಹೋಗುತ್ತಾಳೆ.

ಹರಳಿನ ಚೂರುಗಳು ಬಿಸಿಲಿಗೆ ತೆರೆಯ ಮೇಲೆ, ದಡದ ಮರಳಿನಲ್ಲಿ ಇನ್ನೂ ಮಿನುಗುತ್ತವೆ. ಅವನ್ನು ಬಾಚಿಕೊಳ್ಳಲು ಕಡಲರಾಯ ಮತ್ತೆ ಮತ್ತೆ ದಡಕ್ಕೆ ಕೈ ಹಾಕುತ್ತಾನೆ, ಸಿಟ್ಟಿನಲ್ಲಿ ಏಡಿಗಳ ಬಿಲ ಮುಚ್ಚುತ್ತಾನೆ. ಅವು ಮತ್ತೆ ತೋಡುತ್ತವೆ.

ಅಗೋ ನೋಡು ಸುಗುಣಾ, ನಿನ್ನ ಉಗುರಿನಷ್ಟೂ ಇಲ್ಲದ ಏಡಿಮರಿ, ಅಷ್ಟು ದೊಡ್ಡ ಕಡಲಿಗೆ ಕೈಯೆತ್ತಿ ತೋರಿಸಿ, ಇವತ್ತಿಗೂ ಅಡ್ಡಡ್ಡವೇ ಓಡುತ್ತಿದೆ.