ಸಕ್ಕರೆಯ ಹಿಡಿತ

ನದಿಯ ದಂಡೆಯ ಮೇಲೆ ಒಂದು ಪುಟ್ಟ ಸಂಶೋಧನಾಲಯ. ಅಲ್ಲಿ ಸಂಗಪ್ಪ ಮಾಸ್ತರು ಗುರು, ಕಸ್ತೂರಿ ಶಿಷ್ಯೆ. ಮಾಸ್ತರಿಗೆ ಎಲ್ಲದರ ಮೇಲೂ ಅನುಮಾನ. ಗಡಿಯಾರ ಹತ್ತು ಹೊಡೆದರೆ ಕಿಟಕಿಗೆ ಹೋಗಿ ಬಿಸಿಲು ನೋಡಿ ಬರುವ ಆಸಾಮಿ.

ಕಸ್ತೂರಿಯದು ಕಂಪ್ಯೂಟರಿನ ಕೆಲಸ. ರೋಗಾಣುವಿನ ಒಂದು ಪ್ರೋಟೀನನ್ನೂ ಔಷಧದ ಒಂದು ಅಣುವನ್ನೂ ಲೆಕ್ಕದ ನೀರಿನ ಪೆಟ್ಟಿಗೆಯಲ್ಲಿ ಬಿಡಬೇಕು. ಅವೆರಡೂ ಜೊತೆಗಿದ್ದಾಗಿನ ಶಕ್ತಿಯಿಂದ ಒಂಟಿಯಾಗಿದ್ದಾಗಿನ ಶಕ್ತಿಗಳನ್ನು ಕಳೆಯಬೇಕು. ಉಳಿದದ್ದೇ ಹಿಡಿತ. ಮೈನಸ್ ಹೆಚ್ಚಿದಷ್ಟೂ ಹಿಡಿತ ಗಟ್ಟಿ.

ಈ ಲೆಕ್ಕ ಹದಿನಾರು ಸಲ ಕೈಕೊಟ್ಟಿತ್ತು. ಒಮ್ಮೆ ಔಷಧ ಪೆಟ್ಟಿಗೆಯ ಗೋಡೆ ದಾಟಿ ಆಚೆ ಬದಿಯಲ್ಲಿ ಕಾಣಿಸಿಕೊಂಡಿತು. ಇನ್ನೊಮ್ಮೆ ಗೋಂದು ಹಚ್ಚಿದ ಹಾಗೆ ಅಂಟಿ ಕೂತಿತು. ಪ್ರತಿ ಸಲವೂ ಅವಳು ಊಟ ಬಿಟ್ಟು ತಪ್ಪು ಹುಡುಕಿದಳು.

ಹದಿನೇಳನೇ ಸಲ ಓಡಿಬಂದಳು.

"ಸರ, ಮೈನಸ್ ಒಂಬತ್ತು ಬಂತ್ರಿ! ಪಟ್ಟಣದ ಲ್ಯಾಬಿನವ್ರು ಅಳದದ್ದೂ ಒಂಬತ್ತ!"

ಮಾಸ್ತರ ಮುಖ ಗಂಟಿಕ್ಕಿತು.

"ಏನ್ ಬದಲ್ ಮಾಡಿದಿ?"

"ಪ್ರೋಟೀನಿನೊಳಗ ವಿದ್ಯುತ್ ಸೆಳೆತ ಎಷ್ಟು ಕಡಿಮಿ ಆಗತೈತಿ ಅಂತ ಒಂದು ಅಂಕಿ ಕೊಡತೀವಲ್ರಿ, ಅದು ಎರಡಿತ್ತು. ನಾಲ್ಕು ಮಾಡಿದೆ."

"ನಾಲ್ಕ ಯಾಕ?"

"ನಾಲ್ಕಕ್ಕ ಉತ್ತರ ಕೂಡಿತ್ರಿ."

ಅದೇ ಲೆಕ್ಕದಿಂದ ಅವಳು ಹತ್ತು ಹೊಸ ಔಷಧಗಳ ಪಟ್ಟಿಯನ್ನೂ ಮಾಡಿದ್ದಳು. ಶುಕ್ರವಾರ ಪಟ್ಟಿ ಪಟ್ಟಣಕ್ಕೆ ಹೋಗಬೇಕು. ಮೊದಲ ಹೆಸರಿನ ಔಷಧವನ್ನು ಲ್ಯಾಬಿನವರು ತಯಾರಿಸುತ್ತಾರೆ, ಕಸ್ತೂರಿಯನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಬೇಕಾದದ್ದು ಮಾಸ್ತರ ಸಹಿ ಒಂದೇ.

ಮಾಸ್ತರು ಪೆನ್ನಿನ ಟೋಪಿ ಮುಚ್ಚಿದರು. ಚಹಾದ ಸಾಮಾನಿನ ನಡುವಿನಿಂದ ಸಕ್ಕರೆ ಡಬ್ಬಿ ತೆಗೆದು ಅವಳ ಮುಂದಿಟ್ಟರು.

"ಲೆಕ್ಕದೊಳಗ ಔಷಧದ ಜಾಗಾದಾಗ ಇದರ ಅಣು ಹಾಕು. ಬ್ಯಾರೆ ಏನೂ ಮುಟ್ಟಬ್ಯಾಡ."

ಕಸ್ತೂರಿಗೆ ಮೈಯೆಲ್ಲ ಉರಿಯಿತು. ಮುದುಕನಿಗೆ ತಾನು ಹೋಗುವುದು ಬೇಕಿಲ್ಲ ಎಂದುಕೊಂಡಳು. ಹಿಂದೆ ಒಬ್ಬ ಶಿಷ್ಯನನ್ನು ಏಳು ವರ್ಷ ಇಲ್ಲೇ ಕೊಳೆಹಾಕಿದ್ದರೆಂಬ ಮಾತೂ ಅವಳ ಕಿವಿಗೆ ಬಿದ್ದಿತ್ತು.

"ನನ್ನ ಬಿಡೋ ಮನಸಿಲ್ಲೇನ್ರಿ ನಿಮಗ?"

"ಸಕ್ಕರಿ ಹಾಕು."

ಮೂರು ದಿನ ಕಂಪ್ಯೂಟರ್ ಓಡಿತು. ಮೂರೂ ದಿನ ಅವಳು ಮಾಸ್ತರ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಕಾಗದ ತಂದು ಇಟ್ಟಳು. ಸಕ್ಕರೆಗೆ ಮೈನಸ್ ಎಂಟೂವರೆ ಬಂದಿತ್ತು.

"ಸಕ್ಕರಿನೂ ಔಷಧ ಆತಲ್ಲವಾ," ಎಂದರು ಮಾಸ್ತರು. "ಚಾ ಕುಡದವ್ರಿಗೆಲ್ಲಾ ರೋಗ ವಾಸಿ ಆಗಬೇಕಿತ್ತು."

ಅವಳು ಬಿಳಿಚಿಕೊಂಡಳು. ಹೋಗಿ ಕಂಪ್ಯೂಟರಿನ ಮುಂದೆ ಕೂತಳು.

ತಪ್ಪು ಸಿಕ್ಕಿದ್ದು ಗುರುವಾರ. ಒಂಟಿ ಪ್ರೋಟೀನಿನ ಲೆಕ್ಕದಿಂದ ಸುತ್ತಲಿನ ನೀರು, ಉಪ್ಪು ತೆಗೆಯುವಾಗ ಪ್ರೋಟೀನಿನದೇ ಆದ ಒಂದು ಸತುವಿನ ಪರಮಾಣುವೂ ಉಪ್ಪಿನ ಜೊತೆ ಹೋಗಿಬಿಟ್ಟಿತ್ತು. ಜೊತೆಗಿದ್ದಾಗಿನ ಲೆಕ್ಕದಲ್ಲಿ ಮಾತ್ರ ಅದು ಉಳಿದಿತ್ತು. ಆ ಸತುವಿನ ಹಿಡಿತವೆಲ್ಲ, ಔಷಧವಿರಲಿ ಸಕ್ಕರೆಯಿರಲಿ, ಎದುರಿಗೆ ಬಂದವರ ಹೆಸರಿಗೆ ಸೇರುತ್ತಿತ್ತು. ಅವಳ ನಾಲ್ಕು ಅದನ್ನು ತಗ್ಗಿಸಿ ನಂಬುವಂತೆ ಮಾಡಿತ್ತು, ಅಷ್ಟೇ.

ಓಡಿಸಿದ್ದನ್ನೆಲ್ಲ ಮತ್ತೆ ಓಡಿಸಬೇಕಿರಲಿಲ್ಲ, ಕೊನೆಯ ಕಳೆಯುವ ಲೆಕ್ಕವಷ್ಟೇ ಬಾಕಿ. ಸತುವನ್ನು ವಾಪಸು ಇಟ್ಟಳು. ನಾಲ್ಕನ್ನು ಎರಡು ಮಾಡಿದಳು. ಸಕ್ಕರೆ ಹಿಡಿತ ಬಿಟ್ಟಿತು. ಲ್ಯಾಬಿನವರು ಅಳೆದಿದ್ದ ಹಳೆಯ ಔಷಧಕ್ಕೆ ಮೈನಸ್ ಒಂಬತ್ತರ ಬದಲು ಮೈನಸ್ ಆರು ಬಂತು. ಪಟ್ಟಿಯ ಮೊದಲ ಹೆಸರು ಎಂಟನೆಯದಕ್ಕೆ ಇಳಿಯಿತು.

ಶುಕ್ರವಾರ ಪಟ್ಟಿ ಹೋಗಲಿಲ್ಲ. ಪಟ್ಟಣದ ಕೆಲಸ ಬೇರೆಯವರ ಪಾಲಾಯಿತು. ಕಸ್ತೂರಿ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು. ಆಮೇಲೆ ಕಣ್ಣೊರಸಿಕೊಂಡು ಒಳಗೆ ಬಂದು, ಆರು ಎಂದು ಬರೆದ ಕಾಗದವನ್ನು ಮುಂದಿಟ್ಟಳು.

"ಲ್ಯಾಬಿನ ಅಳತಿಗೆ ಇದು ಕೂಡೂದಿಲ್ರಿ. ಮೂರು ಯಾಕ ಕಡಿಮಿ ಬರತೈತಿ, ಇನ್ನೂ ಗೊತ್ತಿಲ್ಲ."

ಮಾಸ್ತರು ಪೆನ್ನು ತೆಗೆದು ಸಹಿ ಹಾಕಿದರು.

ಅವಳಿಗೆ ಸಿಟ್ಟೇ ಬಂತು.

"ಅಷ್ಟು ಸಲ ತಪ್ಪು ಬಂದಾಗ ನೀವು ಒಮ್ಮೆನೂ ಸಂಶಯ ಪಡಲಿಲ್ಲ. ಸರಿ ಬಂದ ದಿನಾನ ಯಾಕ ಪಟ್ರಿ?"

"ತಪ್ಪು ಬಂದಾಗೆಲ್ಲಾ ಸಂಶಯ ಪಡಾಕ ನೀ ಇದ್ದಿಯಲ್ಲವಾ," ಎಂದರು ಮಾಸ್ತರು. "ಅವತ್ತು ಆ ಕೆಲಸಕ್ಕ ಯಾರೂ ಇರಲಿಲ್ಲ."