ಗಾಣಗಿತ್ತಿಯ ಸೇರು

“ನಾನು ಈ ಮಠಕ್ಕೆ ಬಂದಾಗ ನನ್ನ ಊರಿಗೆ ಜನ ಕಳಿಸಿ ವಿಚಾರಿಸಿದಿರಿ. ಈಗ ಮತ್ತೆ ಕಳಿಸಿದ್ದೀರಂತೆ. ನನ್ನ ಮೇಲೆ ಅನುಮಾನವೇ, ಗುರುಗಳೇ?”

ಹೀಗೆ ಕೇಳಿದವನು ಮಠದಲ್ಲಿ ಓದುವ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಕೇಳುವ ಮೊದಲೇ ಬಟ್ಟೆಯ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟು ಬಂದಿದ್ದ. ಗುರುಗಳು ಗಂಟನ್ನು ನೋಡಿದರು. ಕೂತುಕೋ ಎಂದು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಗಿತ್ತಿ ಇದ್ದಳು. ಗಂಡ ತೀರಿಹೋಗಿದ್ದ. ಒಂದು ಗಾಣ, ಒಂದು ಎತ್ತು, ಒಬ್ಬಳು ಮಗಳು. ಆ ಊರಿನಲ್ಲಿ ವರ್ಷಕ್ಕೊಮ್ಮೆ ಚಾವಡಿಯಲ್ಲಿ ಅಳತೆಗಳನ್ನು ಪರೀಕ್ಷಿಸುತ್ತಿದ್ದರು. ಮಾರುವವರೆಲ್ಲ ತಮ್ಮ ಸೇರು, ಪಾವು ತಂದು ಇಡಬೇಕು. ಚಾವಡಿಯ ಸೇರಿನಿಂದ ನೀರು ಹೊಯ್ದು ನೋಡಿ, ಸರಿಯಿದ್ದರೆ ಮುದ್ರೆ ಒತ್ತುತ್ತಿದ್ದರು. ಮುದ್ರೆಯಿಲ್ಲದವರು ಮಾರುವ ಹಾಗಿಲ್ಲ. ಗಾಣಗಿತ್ತಿಯ ಸೇರಿನಲ್ಲಿ ಯಾವತ್ತೂ ಒಂದು ತೊಟ್ಟು ಹೆಚ್ಚುಕಮ್ಮಿ ಬಂದಿರಲಿಲ್ಲ. ಆದರೂ ಪ್ರತಿ ವರ್ಷ ತರಿಸುತ್ತಿದ್ದರು. ಅವಳೂ ತರುತ್ತಿದ್ದಳು.

ಅದೇ ಊರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸಲು ಒಬ್ಬ ಉಪಾಧ್ಯಾಯನಿದ್ದ. ಅವನನ್ನು ಕರೆತರುವಾಗ ಊರಿನವರು ಇಬ್ಬರನ್ನು ಕಳಿಸಿ, ಅವನು ಹಿಂದೆ ಇದ್ದ ಊರಿನಲ್ಲಿ ವಿಚಾರಿಸಿದ್ದರು. ಒಳ್ಳೆಯವನು ಎಂಬ ಉತ್ತರ ಬಂದಿತ್ತು. ಅದಾಗಿ ಬಹಳ ವರ್ಷವಾಗಿತ್ತು. ವಿಚಾರಿಸಿ ಬಂದಿದ್ದ ಇಬ್ಬರೂ ಈಗ ಇರಲಿಲ್ಲ. ಅವರು ತಂದ ಉತ್ತರ ಮಾತ್ರ ಗಟ್ಟಿಮುಟ್ಟಾಗಿತ್ತು. ಬೇಸಿಗೆಯಲ್ಲಿ ಉಪಾಧ್ಯಾಯ ಬೇರೆ ಬೇರೆ ಊರಿಗೆ ಹೋಗಿ ಅಲ್ಲಿನ ಮಕ್ಕಳಿಗೂ ಕಲಿಸಿ ಬರುತ್ತಿದ್ದ. ಅಲ್ಲಿಗೆ ಹೋಗಿ ಯಾರೂ ಏನೂ ಕೇಳಿರಲಿಲ್ಲ.

ಮಗಳನ್ನು ಓದಲು ಕಳಿಸುವ ವಯಸ್ಸು ಬಂತು. ಗಾಣಗಿತ್ತಿ ಊರಗೌಡನ ಬಳಿ ಹೋದಳು.

“ಗೌಡರೇ, ಉಪಾಧ್ಯಾಯರ ಬಗ್ಗೆ ಇನ್ನೊಂದು ಸಲ ಜನ ಕಳಿಸಿ ವಿಚಾರಿಸಿ. ಬೇಸಿಗೆಯಲ್ಲಿ ಹೋಗುವ ಊರುಗಳಲ್ಲೂ ಕೇಳಿಸಿ.”

“ಏನಾದರೂ ಕಂಡೆಯಾ?”

“ಇಲ್ಲ.”

“ಯಾರಾದರೂ ಏನಾದರೂ ಅಂದರೇ?”

“ಇಲ್ಲ.”

“ಮತ್ತೆ ಸುಮ್ಮನಿರವ್ವ! ಒಳ್ಳೆಯವರ ಮೇಲೆ ಇಲ್ಲದ್ದನ್ನು ಹುಟ್ಟಿಸಬೇಡ.”

“ಯಾರಾದರೂ ಬಂದು ಹೇಳಲಿ ಅಂತ ಕಾಯೋಣವೇ? ಆ ಹೊತ್ತಿಗೆ ಒಂದು ಮಗುವಿಗೆ ಆಗಬಾರದ್ದು ಆಗಿಹೋಗಿರುತ್ತದೆ.”

ಅಲ್ಲೇ ಕಟ್ಟೆಯ ಮೇಲಿದ್ದವರು ನಕ್ಕರು. ಎಣ್ಣೆ ಅಳೆಯುವವಳು ಈಗ ಮನುಷ್ಯರನ್ನು ಅಳೆಯಲು ಹೊರಟಿದ್ದಾಳೆ ಎಂದರು. ಉಪಾಧ್ಯಾಯನಿಗೆ ವಿಷಯ ತಿಳಿಯಿತು. ಇನ್ನೊಮ್ಮೆ ವಿಚಾರಿಸಿದರೆ ಊರು ಬಿಡುತ್ತೇನೆ ಎಂದು ಹೇಳಿ ಕಳಿಸಿದ. ಊರಿಗೆ ಊರೇ ಅವನಿಗಾಗಿ ಮರುಗಿತು.

ಮುದ್ರೆಯ ದಿನ ಬಂತು. ಗಾಣಗಿತ್ತಿಯೂ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಸೇರನ್ನು ಕಂಕುಳಿನಿಂದ ತೆಗೆಯಲೇ ಇಲ್ಲ.

“ಇಡವ್ವ,” ಎಂದ ಗೌಡ.

“ನನ್ನ ಮೇಲೆ ಅನುಮಾನವೇ, ಗೌಡರೇ?”

“ಅನುಮಾನದ ಮಾತೆಲ್ಲಿ ಬಂತು? ವರ್ಷವೆಲ್ಲ ಬಳಸಿದ ಪಾತ್ರೆ. ತಳ ಬಗ್ಗಿರಬಹುದು, ಬಾಯಿ ಸವೆದಿರಬಹುದು.”

“ನಾನು ಮದುವೆಯಾಗಿ ಬಂದ ವರ್ಷವೇ ನೋಡಿದ್ದೀರಿ. ಒಳ್ಳೆಯ ಸೇರು ಅಂದಿದ್ದೀರಿ. ಇನ್ನೊಮ್ಮೆ ನೋಡಿದರೆ ಅದಕ್ಕೆ ಅವಮಾನವಾಗುತ್ತದೆ.”

ಈ ಸಲ ಯಾರೂ ನಗಲಿಲ್ಲ. ಗೌಡ ಅವಳ ಗಾಣ ನಿಲ್ಲಿಸಿದ. ಸೇರು ತಂದು ಇಡುವ ತನಕ ಊರಿನಲ್ಲಿ ಅವಳು ತೊಟ್ಟು ಎಣ್ಣೆ ಮಾರುವಂತಿಲ್ಲ ಎಂದ.

ಅವಳು ಇಡಲಿಲ್ಲ. ಎತ್ತು ಕಟ್ಟಿದಲ್ಲೇ ನಿಂತು ಮೇಯಿತು. ತಾಯಿ ಮಗಳು ಉಳಿದಿದ್ದ ಎಳ್ಳಿನ ಹಿಂಡಿಯನ್ನು ಚಟ್ನಿ ಅರೆದು ತಿಂದರು. ಅದು ಮುಗಿಯುತ್ತಾ ಬಂದಾಗ ನೆರೆಯವಳು ಬಂದು, “ಸೇರು ಇಟ್ಟುಬಿಡೇ, ನಿನ್ನ ಗಂಟೇನು ಹೋಗುತ್ತದೆ?” ಎಂದಳು. ಗಾಣಗಿತ್ತಿ ಒಳಗೆ ಮಲಗಿದ್ದ ಮಗಳ ಕಡೆಗೆ ಕೈ ತೋರಿಸಿ, “ಅಗೋ, ಅದು,” ಎಂದಳು.

ಅವಳ ಗಾಣ ಬಿಟ್ಟರೆ ಊರಿನಲ್ಲಿ ಬೇರೆ ಗಾಣವಿರಲಿಲ್ಲ. ಮೊದಲು ಗುಡಿಯ ದೀಪಕ್ಕೆ ಎಣ್ಣೆ ತಪ್ಪಿತು. ಆಮೇಲೆ ಗೌಡನ ಮನೆಯಲ್ಲಿ ಒಗ್ಗರಣೆ ನಿಂತಿತು. ದೇವರು ಏನೂ ಅನ್ನಲಿಲ್ಲ. ಗೌಡ ಅವಳಿಗೆ ಹೇಳಿ ಕಳಿಸಿದ.

ಚಾವಡಿಯಲ್ಲಿ ಉಪಾಧ್ಯಾಯನೂ ಇದ್ದ. ಅವಳನ್ನು ಕಂಡವನೇ ಸಿಡಿದ:

“ವರ್ಷ ವರ್ಷವೂ ನೋಡುವುದಕ್ಕೆ ನಾನೇನು ಸೇರೇ?”

“ಅಲ್ಲ, ಸ್ವಾಮಿ. ಸೇರಿಗೆ ಕೆಟ್ಟ ಆಸೆ ಹುಟ್ಟುವುದಿಲ್ಲ. ಆದರೂ ನೋಡುತ್ತಾರೆ.”

ಗೌಡ ಎದ್ದು ನಿಂತ. ಮಕ್ಕಳ ಜೊತೆ ಕೆಲಸ ಮಾಡುವವರು ಯಾರೇ ಇರಲಿ, ಅಳತೆಗೆ ಮುದ್ರೆ ಒತ್ತುವ ದಿನವೇ ಅವರ ಬಗ್ಗೆಯೂ ವಿಚಾರಿಸಲು ವರ್ಷ ವರ್ಷವೂ ಜನ ಹೊರಡಬೇಕು ಎಂದು ಸಾರಿದ. ಆ ವರ್ಷ ವಿಚಾರಿಸಬೇಕಾದವರು ಅಂದೇ ಹೊರಟರು. ಅವರು ಊರಿನ ಗಡಿ ದಾಟಿದ ಮೇಲೆ ಗಾಣಗಿತ್ತಿ ತಾನಾಗಿಯೇ ಸೇರನ್ನು ಚಾವಡಿಯ ಕಲ್ಲಿನ ಮೇಲಿಟ್ಟು, “ನೀರು ಹೊಯ್ಯಿರಿ,” ಎಂದಳು.

ಇಷ್ಟಕ್ಕೆ ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕಾದ. ತಡೆಯಲಾರದೆ ಕೇಳಿದ:

“ವಿಚಾರಿಸಿದಾಗ ಉಪಾಧ್ಯಾಯನಲ್ಲಿ ಏನು ತಪ್ಪು ಸಿಕ್ಕಿತು, ಗುರುಗಳೇ?”

“ಸೇರಿನಲ್ಲಿ ಏನು ಸಿಕ್ಕಿತು ಎಂದು ನೀನು ಕೇಳಲಿಲ್ಲವಲ್ಲ,” ಎಂದರು ಗುರುಗಳು.

ಶಿಷ್ಯ ಬಾಗಿಲಲ್ಲಿದ್ದ ಗಂಟನ್ನು ಒಳಗೆ ತಂದಿಟ್ಟ.