ಹಾಡುವ ತಟ್ಟೆಯ ಹೊಟ್ಟೆಯಲ್ಲಿದ್ದದ್ದು

"ಸಿರಿಗುಂದದ ದೊರೆ ವಿರೂಪರಾಜರ ಅಪ್ಪಣೆ. ಹಾಡುವ ಪೆಟ್ಟಿಗೆಯ ತಟ್ಟೆಯನ್ನು ಹಗುರ ಮಾಡಿ, ಅಗ್ಗ ಮಾಡಿ, ಬಡವರ ಮನೆಗೂ ಮುಟ್ಟಿಸಬಲ್ಲ ಕಸುಬುದಾರರು ಯಾರಿದ್ದರೂ ಅರಮನೆಗೆ ಬರಬೇಕು. ಮೂರು ಒಗಟುಗಳಿವೆ. ಬಿಡಿಸಿದವರಿಗೆ ಕಾರ್ಖಾನೆಯ ಯಜಮಾನಿಕೆ, ಜೊತೆಗೆ ಬೇಡಿದ ಒಂದು ವರ. ತಪ್ಪು ಹೇಳಿದವರ ತಲೆ ಹೋಗುತ್ತದೆ."

ಈ ಡಂಗುರ ಬಿದಿರೊಳೆ ಎಂಬ ಹಳ್ಳಿಗೆ ಮುಟ್ಟಿದಾಗ ಚೌಡವ್ವ ಕೆಂಡದ ಮುಂದೆ ಕೂತು ಅರಗಿನ ಬಳೆ ಮಾಡುತ್ತಿದ್ದಳು. ಕೈಯಲ್ಲಿದ್ದ ಬಳೆ ಕರಗಿ ಬೂದಿಗೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ.

ಮೂರು ವರ್ಷದ ಹಿಂದೆ ಅವಳ ಅಣ್ಣ ಬಸಲಿಂಗ ಅಂಥದ್ದೇ ಒಂದು ಹಗುರವಾದ ತಟ್ಟೆ ಮಾಡಿಕೊಂಡು ಕಾರ್ಖಾನೆಯ ಯಜಮಾನ ಭುಜಂಗರಾಯನ ಬಳಿ ಹೋಗಿದ್ದ. ಆ ಕಾಲದ ತಟ್ಟೆಗಳೋ, ರೊಟ್ಟಿ ಸುಡುವ ಹಂಚಿನಷ್ಟು ಭಾರ. ಒಂದರ ಬೆಲೆಗೆ ಕರೆಯುವ ಹಸು ಬರುತ್ತಿತ್ತು. ಭುಜಂಗರಾಯ ಬಸಲಿಂಗನ ತಟ್ಟೆಯ ಮೇಲೆ ರಾಣಿಯ ಹಾಡಿನ ಅಚ್ಚೊತ್ತಿಸಿ, ತಾನೇ ಮಾಡಿದ್ದೆಂದು ದೊರೆಗೆ ಒಪ್ಪಿಸಿದ. ಬಸಲಿಂಗ ಅರಮನೆಯ ಅರಗು ಕದ್ದನೆಂದು ದೂರು ಹೊರಿಸಿ ವಾರದೊಳಗೆ ಅವನನ್ನು ಗಲ್ಲಿಗೆ ಹಾಕಿಸಿದ. ಮರುವರ್ಷ ರಾಣಿ ತೀರಿಕೊಂಡಳು. ಅವಳ ದನಿಯಿದ್ದ ಆ ತಟ್ಟೆಯನ್ನು ದೊರೆ ಬೊಕ್ಕಸದಲ್ಲಿಟ್ಟು, ಯಾರಿಗೂ ಉಗುರು ಸೋಕಿಸಲು ಬಿಡಲಿಲ್ಲ. ಇಂಥವೇ ಸಾವಿರ ಮಾಡು ಎಂದು ದೊರೆ ಹೇಳಿದರೆ ಭುಜಂಗರಾಯನಿಗೆ ಬರಬೇಕಲ್ಲ! ಯೋಗ್ಯ ಶಿಷ್ಯ ಸಿಗಲಿ ಎಂದು ದಿನ ತಳ್ಳಿದ. ಕೊನೆಗೆ ಒಗಟಿನ ಉಪಾಯ ಹೂಡಿದ. ಬಲ್ಲವನೊಬ್ಬ ಬಾಯಿ ಬಿಟ್ಟರೆ ಗುಟ್ಟು ಸಿಗುತ್ತದೆ. ತಪ್ಪು ಎಂದುಬಿಟ್ಟರೆ ಅವನ ತಲೆಯೂ ಉಳಿಯುವುದಿಲ್ಲ.

ಅಣ್ಣನ ಕೆಲಸ ಬಲ್ಲ ಚೌಡವ್ವನಿಗೆ ಇಷ್ಟೂ ಊಹೆಗೆ ಸಿಕ್ಕಿತು. ಅವ್ವ ಅತ್ತು ತಡೆದರೂ ಕೇಳದೆ, ಬಳೆ ತಿದ್ದುವ ಕಬ್ಬಿಣದ ಕಡ್ಡಿಯನ್ನು ಮಡಿಲಿಗೆ ಸಿಕ್ಕಿಸಿಕೊಂಡು ಹೊರಟಳು.

ಸಭೆಯಲ್ಲಿ ಅವಳಲ್ಲದೆ ಅಕ್ಕಸಾಲಿ ವಜ್ರಾಚಾರಿ, ಗಡಿಯಾರದ ಮೇಸ್ತ್ರಿ ದಾವೂದ್ ಸಾಹೇಬ ಇಬ್ಬರೂ ನಿಂತಿದ್ದರು. ತಿಳಿದವರು ಮುಂದೆ ಬಂದು ಹೇಳಬೇಕೆಂದು ಭುಜಂಗರಾಯ ಮೊದಲ ಒಗಟು ಇಟ್ಟ. "ಹುಳುಗಳು ಕೊಂಬೆಯ ಮೇಲೆ ಕಟ್ಟಿದ ಮನೆ. ಬೆಂಕಿ ತೋರಿಸಿದರೆ ನೀರಾಗುತ್ತದೆ, ನೀರು ತೋರಿಸಿದರೆ ಕಲ್ಲಾಗುತ್ತದೆ. ಏನದು?"

ಅಕ್ಕಸಾಲಿ ತಡಮಾಡದೆ ಜೇನುಮೇಣ ಎಂದ. ಕಾವಲಿನವರು ಅವನ ಕೈ ಕಟ್ಟಿದರು. ಚೌಡವ್ವ ಮುಂದೆ ಬಂದು, ಮೇಣ ಎಷ್ಟು ತಣಿದರೂ ಅದರಲ್ಲಿ ಉಗುರು ಇಳಿಯುತ್ತದೆ, ಕಲ್ಲಾಗುವುದು ಅರಗು ಎಂದಳು. ದೊರೆ ತಲೆದೂಗಿದ.

"ಒಂದು ತಟ್ಟೆಯಲ್ಲಿ ಹತ್ತು ಆಳಿನ ಭಾರವಿದೆ. ಹಾಡುವವನು ಒಬ್ಬನೇ, ಉಳಿದ ಒಂಬತ್ತು ಮಂದಿ ಮೂಗರು. ಹಾಡುವವನು ಯಾರು?" ಎಂದು ಭುಜಂಗರಾಯ ಎರಡನೆಯದನ್ನು ಕೇಳಿದ.

ಸೂಜಿ ಎಂದ ದಾವೂದ್ ಸಾಹೇಬ. ಅವನನ್ನೂ ಕಟ್ಟಿ ಕಂಬದ ಪಕ್ಕಕ್ಕೆ ಎಳೆದರು. ಚೌಡವ್ವ ನಿಧಾನವಾಗಿ ಹೇಳಿದಳು: ಸೂಜಿ ತಟ್ಟೆಯ ಭಾರಕ್ಕೆ ಸೇರಿದ್ದಲ್ಲ. ಅದು ಮುಟ್ಟುವುದು ಮೇಲಿನ ತೊಗಲನ್ನು ಮಾತ್ರ. ಹಾಡುವುದು ಆ ತೊಗಲು. ಕೆಳಗಿರುವ ಒಂಬತ್ತು ಪಾಲು ಬರೀ ಹೊರೆ.

ಭುಜಂಗರಾಯನ ಕಣ್ಣು ಚುರುಕಾಯಿತು. ಬೊಕ್ಕಸದ ತಟ್ಟೆಯನ್ನು ರೇಷ್ಮೆಯ ಮೇಲಿಟ್ಟು ತರಿಸಿದ. "ಇದು ನಾನು ಮಾಡಿದ್ದು. ಬಾಳೆಲೆಯಷ್ಟು ಹಗುರ. ತೊಗಲು ಅರಗಿನದು. ಹೊಟ್ಟೆಯಲ್ಲಿ ಏನಿದೆ?"

ಅಂಚಿನಲ್ಲಿ ಅಣ್ಣನ ಹೆಬ್ಬೆರಳು ಜಾರಿದ ಗುರುತು ಹಾಗೇ ಇತ್ತು. ಚೌಡವ್ವ ದೊರೆಯ ಕಡೆ ತಿರುಗಿದಳು.

"ಸರಿಯೋ ತಪ್ಪೋ ಹೇಳುವವರು ಯಾರು ಬುದ್ಧಿ?"

"ಮಾಡಿದವನು."

"ಹಾಗಾದರೆ ಮಾಡಿದವರು ಮೊದಲು ಹಲಗೆಯ ಮೇಲೆ ಬರೆದಿಡಲಿ. ಆಮೇಲೆ ನಾನು ಹೇಳುತ್ತೇನೆ. ಕೊನೆಗೆ ತಟ್ಟೆಯನ್ನೇ ಬಿಚ್ಚಿ ನೋಡೋಣ. ತಪ್ಪಿದವರು ಯಾರೇ ಆಗಲಿ, ಕಾನೂನು ಒಂದೇ ಇರಲಿ."

ರಾಣಿಯ ದನಿ ಹಾಳಾಗುತ್ತದೆಂದು ಭುಜಂಗರಾಯ ಅಡ್ಡ ಬಂದ. ಹಾಡಿನ ಗೆರೆ ನಡುವೆ ಅಂಟಿಸಿದ ಹೆಸರಿನ ಚೀಟಿಯವರೆಗೆ ಬರುವುದಿಲ್ಲ, ಚೀಟಿಯ ಕೆಳಗಷ್ಟೇ ಕೆರೆದರೆ ಸಾಕು ಎಂದಳು ಚೌಡವ್ವ. ದೊರೆ ತಟ್ಟೆಯ ಚೀಟಿಯನ್ನು ಹತ್ತಿರದಿಂದ ನೋಡಿ, ಆಗಲಿ ಎಂದ. ಭುಜಂಗರಾಯ ಹಲಗೆಯ ಮೇಲೆ ಬರೆದ: ತೆಳುವಾದ ತಗಡು.

"ಏಳು ಪದರ ಕಾಗದ," ಎಂದಳು ಚೌಡವ್ವ. "ಹುಣಸೆಬೀಜದ ಅಂಟು ಕಾಯಿಸಿದವಳು ನಾನು. ಅಂಟಿಸಿದವನು ನನ್ನಣ್ಣ ಬಸಲಿಂಗ. ನಡುವಿನ ಪದರ, ಹಗುರ ತಟ್ಟೆ ಮಾಡುತ್ತೇನೆಂದು ಅವನು ಅದಕ್ಕೂ ಮೊದಲು ಕಾರ್ಖಾನೆಗೆ ಬರೆದುಕೊಂಡಿದ್ದ ಅರ್ಜಿ. ಆಗದ ಕೆಲಸ ಎಂದು ಬರೆದು, ಮೊಹರು ಒತ್ತಿ ಹಿಂದಕ್ಕೆ ಕಳಿಸಿದ್ದು ಈ ರಾಯರೇ."

ಕಡ್ಡಿಯನ್ನು ಕಾಯಿಸಿ ಚೀಟಿ ಎಬ್ಬಿಸಿದಳು. ಅರಗು ಕೆರೆದಳು. ಕಾಗದ ಬಂತು. ಮೂರು ಪದರ ಬಿಡಿಸಿದಾಗ ಬಸಲಿಂಗನ ಹೆಸರು, ಕೆಂಪು ಮಸಿಯ ಅಕ್ಷರ, ಅರ್ಧ ಮೊಹರು ಕಂಡವು. ದೊರೆ ಅದನ್ನು ಎರಡು ಸಲ ಓದಿದ.

ಭುಜಂಗರಾಯ ಬಿದ್ದದ್ದು ದೊರೆಯ ಕಾಲಿಗಲ್ಲ, ಚೌಡವ್ವನ ಕಾಲಿಗೆ. ವರ ನಿನ್ನ ಕೈಯಲ್ಲಿದೆ, ಬೇಕಾದರೆ ಇವನ ಪ್ರಾಣ ಉಳಿಸಬಹುದು ಎಂದ ದೊರೆ.

"ನನ್ನಣ್ಣನೂ ಇವರ ಕಾಲು ಹಿಡಿದಿದ್ದ ಬುದ್ಧಿ. ಕಾನೂನು ಬರೆದವರು ಇವರೇ. ನಡೆಯಲಿ."

ನಡೆಯಿತು. ಚೌಡವ್ವ ಕೊನೆಯವರೆಗೂ ನಿಂತು ನೋಡಿದಳು, ಮುಖ ತಿರುಗಿಸಲಿಲ್ಲ. ಒಗಟು ಕೇಳಿದವನಿಗೇ ಕೊನೆಯದರ ಉತ್ತರ ಗೊತ್ತಿರಲಿಲ್ಲವೆಂದು ಅಕ್ಕಸಾಲಿಯನ್ನೂ ಮೇಸ್ತ್ರಿಯನ್ನೂ ಬಿಟ್ಟುಬಿಟ್ಟರು.

ದೊರೆ ಅವಳಿಗೆ ಯಜಮಾನಿಕೆಯ ಶಾಲು ಹೊದಿಸಿ, ಇನ್ನು ವರ ಕೇಳು ಎಂದ.

"ನನ್ನಣ್ಣನ ಮೇಲಿನ ದೂರು ಅವರದು, ಗಲ್ಲಿನ ಅಪ್ಪಣೆಗೆ ಸಹಿ ತಮ್ಮದು," ಎಂದಳು ಚೌಡವ್ವ. "ಅದನ್ನು ತಮ್ಮ ಬಾಯಿಂದಲೇ ತಟ್ಟೆಗೆ ಹೇಳಬೇಕು. ಊರೂರಿಗೂ ನಾನು ಮುಟ್ಟಿಸುತ್ತೇನೆ."

ದೊರೆಯ ಮುಖ ಕಪ್ಪಿಟ್ಟಿತು. ಆದರೆ ಕೊಟ್ಟ ಮಾತು ಕೊಟ್ಟಾಗಿತ್ತು.

ಆ ವರ್ಷ ಕಾಗದದ ಹೊಟ್ಟೆಯ ತಟ್ಟೆಗಳು ಸಾವಿರಗಟ್ಟಲೆ ತಯಾರಾದವು. ಒಂದು ಡಜನ್ ಬಳೆಗಿಂತ ಅಗ್ಗ. ಐವತ್ತನ್ನು ಒಬ್ಬ ಹೆಂಗಸು ಬುಟ್ಟಿಯಲ್ಲಿ ಹೊರಬಹುದಾಗಿತ್ತು. ಬಿದಿರೊಳೆಗೆ ಚೌಡವ್ವ ತಾನೇ ಹೊತ್ತು ತಂದಳು. ಕಳ್ಳನ ಮನೆಯೆಂದು ಮೂರು ವರ್ಷ ಅವಳ ಅವ್ವನನ್ನು ಮಾತಾಡಿಸದಿದ್ದ ಜನರೆಲ್ಲ ಚಾವಡಿಯಲ್ಲಿ ಕೂತಿದ್ದರು. ಪೆಟ್ಟಿಗೆಯಿಂದ ದೊರೆಯ ದನಿ ಬಂತು: "ಬಿದಿರೊಳೆಯ ಬಸಲಿಂಗ ಕಳ್ಳನಲ್ಲ. ವಿಚಾರಿಸದೆ ಅವನನ್ನು ಕೊಲ್ಲಿಸಿದವನು ನಾನು, ವಿರೂಪರಾಜ."

ಯಾರೂ ತಲೆ ಎತ್ತಲಿಲ್ಲ. ಊರ ಗೌಡ ಎದ್ದು, ಕೇಳಿದ್ದಾಯಿತಲ್ಲ, ಸಾಕು ಎಂದ.

"ಕೂತ್ಕೊಳ್ಳಿ ಗೌಡರೇ," ಎಂದಳು ಅವ್ವ. "ಮಗಳೇ, ಇನ್ನೊಂದು ಸಲ ಹಾಕು."

ಚೌಡವ್ವ ಪೆಟ್ಟಿಗೆಯ ಕೀಲಿ ತಿರುಗಿಸಿದಳು.